ಮಂಗಳನಷ್ಟು ಮುದ್ದೆ

ನನಗೊಂದು ಚಾಳಿ ಇದೆ. ದುಂಡಗಿರುವುದು ಏನು ಕಂಡರೂ ಅದನ್ನು ಇನ್ನೊಂದು ದುಂಡನೆಯದರ ಪಕ್ಕದಲ್ಲಿಟ್ಟು ನೋಡದೆ ಇರಲಾರೆ. ಮೊನ್ನೆ ಚಳ್ಳಕೆರೆ ಸಂತೆಯಲ್ಲಿ ಈರುಳ್ಳಿ ಆರಿಸುತ್ತಾ ಆರಿಸುತ್ತಾ ನಾಲ್ಕನ್ನು ಸಾಲಾಗಿ ಜೋಡಿಸಿಬಿಟ್ಟಿದ್ದೆ. ಒಂದು ದಪ್ಪನೆಯದು, ಅದಕ್ಕೆ ಅವಳಿಯಂತಿದ್ದರೂ ಚೂರೇ ಚೂರು ಚಿಕ್ಕದು, ಅದರ ಅರ್ಧ ಅಗಲದ್ದು, ಕೊನೆಗೆ ಅದಕ್ಕಿಂತಲೂ ಸಣ್ಣದೊಂದು. ಭೂಮಿ, ಶುಕ್ರ, ಮಂಗಳ, ಬುಧ. ಈರುಳ್ಳಿಯವನು ನೋಡುವಷ್ಟು ನೋಡಿ, "ಅಕ್ಕಾರೆ, ತೂಕಕ್ಕೆ ಹಾಕ್ಲಾ, ಇಲ್ಲಾ ಇನ್ನೂ ಐತಾ ಆಟ?" ಎಂದ. ತೂಕಕ್ಕೆ ಹಾಕಿಸಿಕೊಂಡು ಬಂದೆ. ಮನೆಗೆ ಬಂದು ಸಾರಿಗೆ ಮೊದಲು ಹೆಚ್ಚಿದ್ದು ಭೂಮಿಯನ್ನೇ.

ಇದು ಹುಟ್ಟಿನಿಂದ ಬಂದ ಗುಣವೇನಲ್ಲ. ನಾನು ದೇವಸಮುದ್ರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ದಿನವೂ ಚಳ್ಳಕೆರೆಯಿಂದ ಮೊಳಕಾಲ್ಮೂರು ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಅದೇ ಧೂಳನ್ನು ವಾಪಸ್ಸು ತರುತ್ತೇನೆ. ಸೌರವ್ಯೂಹದ ಪಾಠ ಪ್ರತಿ ವರ್ಷ ಬರುತ್ತದೆ. ಸೂರ್ಯನಿಗೆ ಹತ್ತಿರದ ನಾಲ್ಕು ಗ್ರಹಗಳು ಗಟ್ಟಿ ಕಲ್ಲಿನವು ಎಂದು ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಹಂಗಾದ್ರೆ ನಮ್ ಮೊಳಕಾಲ್ಮೂರು ಇದ್ದಂಗೆ ಅನ್ರಿ ಮಿಸ್" ಅನ್ನುತ್ತಾರೆ. ಇದೂ ಪ್ರತಿ ವರ್ಷ ಬರುತ್ತದೆ. ಕಿಟಕಿಯಾಚೆ ಒಂದರ ಮೇಲೊಂದು ಕೂತ ಬಂಡೆಗಳನ್ನು ನೋಡಿದರೆ ಅಲ್ಲವೆನ್ನಲು ನನಗೂ ಮನಸ್ಸು ಬರುವುದಿಲ್ಲ.

ನಾನೇ ಕಲಿತದ್ದು ಬೇರೆ ಥರ. ನಾನು ಓದಿದ್ದು ನನ್ನಿವಾಳದಲ್ಲಿ. ಶಾಲೆಯ ಗೋಡೆಗೆ ಗ್ರಹಗಳ ಚಿತ್ರ ಬರೆಸಿದ್ದರು. ಬರೆದವನು ಹೋಟೆಲ್ ಬೋರ್ಡು, ಟ್ರ್ಯಾಕ್ಟರ್ ಟ್ರೈಲರಿನ ಹಿಂದಿನ ಹೂಬಳ್ಳಿ ಬರೆಯುವ ಪೇಂಟರ್. ಅವನು ಶಾಲೆಯ ನೀರಿನ ಹಂಡೆಯ ಮುಚ್ಚಳವನ್ನು ಗೋಡೆಗೆ ಒತ್ತಿಹಿಡಿದು, ಅದರ ಸುತ್ತ ಗೀಟು ಎಳೆದು, ಎಲ್ಲ ಗ್ರಹಗಳನ್ನೂ ಒಂದೇ ಅಳತೆಗೆ ಮುಗಿಸಿದ್ದ. ಬಣ್ಣ ಮಾತ್ರ ಬೇರೆ ಬೇರೆ. ಹೀಗಾಗಿ ಬುಧ, ಗುರು ಎಲ್ಲ ಒಂದೇ ದಪ್ಪ ಎಂದು ನಾನು ಬಹಳ ಕಾಲ ನಂಬಿದ್ದೆ. ಆಕಾಶದಲ್ಲಾದರೂ ಭೇದಭಾವ ಇಲ್ಲವಲ್ಲ ಎಂಬ ಸಮಾಧಾನವೂ ಇತ್ತು.

ಭೇದಭಾವ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ. ರಾಗಿಮುದ್ದೆ ಉಣ್ಣುವ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಯಾರ ಮುದ್ದೆ ಯಾವುದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಪ್ಪನದು ಎಲ್ಲಕ್ಕಿಂತ ದೊಡ್ಡದು. ಚಿಕ್ಕಪ್ಪನದು ಅದಕ್ಕೆ ಒಂದು ಎಳೆ ಕಡಿಮೆ, ಏಕೆಂದರೆ ಅವನು ಚಿಕ್ಕವನು. ಅಕ್ಕನದು ಸಣ್ಣದು, ನನ್ನದು ಇನ್ನೂ ಸಣ್ಣದು. ಚಿಕ್ಕಪ್ಪ ದಿನಾ ತನ್ನ ತಟ್ಟೆಯನ್ನೂ ಅಣ್ಣನ ತಟ್ಟೆಯನ್ನೂ ಓರೆಗಣ್ಣಲ್ಲಿ ನೋಡಿ ಎರಡೂ ಸಮ ಎಂದುಕೊಂಡು ಉಣ್ಣುತ್ತಿದ್ದ. ಉಂಡೆದ್ದ ಮೇಲೆ, "ಅದ್ಯಾಕೋ ಅತ್ತಿಗೆ, ಇನ್ನೊಂದು ತುತ್ತು ಬೇಕನ್ಸುತ್ತೆ" ಅನ್ನುತ್ತಿದ್ದ. ಶುಕ್ರಗ್ರಹದ ಕಥೆಯೂ ಇದೇ. ಅಗಲದಲ್ಲಿ ಭೂಮಿಗೆ ಸರಿಸಮ ಎಂಬಂತೆ ಕಾಣುತ್ತದೆ. ಒಳಗಿನ ಗಾತ್ರ ಲೆಕ್ಕ ಹಾಕಿದರೆ ಏಳರಲ್ಲೊಂದು ಪಾಲು ಕಡಿಮೆ. ಚಿಕ್ಕಪ್ಪನ ಹೊಟ್ಟೆಗೆ ತಿಳಿದದ್ದು ಅವನ ಕಣ್ಣಿಗೆ ತಿಳಿದಿರಲಿಲ್ಲ.

ಅವ್ವನ ಮುದ್ದೆ ಎಷ್ಟಿತ್ತು ಎಂದು ನೀವು ಕೇಳಿದರೆ ನನಗೆ ನಿಜವಾಗಿ ನೆನಪಿಲ್ಲ. ಮುದ್ದೆ ತಿರುವಿದವರು ಕೊನೆಗೆ ಉಣ್ಣುವುದು ನಮ್ಮಲ್ಲಿ ವಾಡಿಕೆ. ಜತೆಗೆ ಇನ್ನೊಂದು ಕಟ್ಟಳೆ ಇತ್ತು. ಉಣ್ಣುವವರ ತಟ್ಟೆ ನೋಡಬಾರದು, ದೃಷ್ಟಿಯಾಗುತ್ತದೆ. ಚಿಕ್ಕಪ್ಪ ಓರೆಗಣ್ಣಲ್ಲಿ ನೋಡುತ್ತಿದ್ದುದು ಅದಕ್ಕೇ. ಅವ್ವ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತು ಉಂಡು ಎದ್ದುಬಿಡುತ್ತಿದ್ದಳು.

ಈಗ ಅವ್ವ ಚಳ್ಳಕೆರೆಯಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಅವಳಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಅಪ್ಪ ಹೋದಮೇಲೆ ನನ್ನ ಬಾಣಂತನಕ್ಕೆಂದು ಬಂದವಳು, ಆಗ ಹುಟ್ಟಿದ ನನ್ನ ಮಗಳು ಕಾಲೇಜು ಹಾಸ್ಟೆಲು ಸೇರಿದರೂ ಇಲ್ಲೇ ಉಳಿದಳು. ಉಳಿಸಿಕೊಂಡದ್ದು ಸುಲಭವಾಗಿರಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಕೂತು ಉಣ್ಣುವುದೆಂದರೆ ಅವಳಿಗೆ ಒಳಗೊಳಗೇ ಸಂಕೋಚ. ಅದಕ್ಕೇ ಬಂದ ವಾರದಲ್ಲೇ ಮುದ್ದೆಕೋಲನ್ನು ನನ್ನ ಕೈಯಿಂದ ಕಿತ್ತುಕೊಂಡಳು. ನಮ್ಮ ಯಜಮಾನರಿಗೆ ಒಳ್ಳೆಯದೇ ಆಯಿತು. ನನ್ನ ಮುದ್ದೆಯಲ್ಲಿ ಹಿಟ್ಟಿನ ಗಂಟು ಹುಡುಕಿ ತಟ್ಟೆಯ ಅಂಚಿಗೆ ಸಾಲಾಗಿ ಇಡುವುದರಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು.

ಆರು ತಿಂಗಳ ಹಿಂದೆ ಅವ್ವನಿಗೆ ಶುಗರ್ ಎಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಅಜ್ಜಿ, ಮುದ್ದೆ ಬಿಡಬ್ಯಾಡ್ರಿ, ಅರ್ಧಕ್ಕೆ ಇಳಿಸ್ರಿ ಸಾಕು" ಎಂದರು. ಅವ್ವ ತಲೆಯಾಡಿಸಿದಳು. ಆ ದಿನದಿಂದಲೇ ತನ್ನ ಮುದ್ದೆ ಕಟ್ಟಿ, ಬಿಸಿಯಿರುವಾಗಲೇ ದಾರದಲ್ಲಿ ನಡುಮಧ್ಯಕ್ಕೆ ಎರಡು ಮಾಡಿ, ಒಂದನ್ನು ಮತ್ತೆ ಉರುಟಾಗಿ ಕಟ್ಟಿಕೊಂಡು ತನಗಿಟ್ಟುಕೊಳ್ಳುತ್ತಿದ್ದಳು. ಉಳಿದರ್ಧ ಅಳಿಯನ ಪಾಲು. ಅವ್ವನಿಗೆ ಶುಗರ್ ಬಂದದ್ದರಿಂದ ನಮ್ಮ ಯಜಮಾನರು ದಪ್ಪಗಾದರು.

ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅಕ್ಕ ಬಂದಳು.

ಅಕ್ಕನನ್ನು ಕೊಟ್ಟಿರುವುದು ಮೊಳಕಾಲ್ಮೂರಿಗೆ. ಭಾವನದು ಅಲ್ಲಿ ಬಟ್ಟೆ ಅಂಗಡಿ. ಸುತ್ತ ರೇಷ್ಮೆ ಸೀರೆ ನೇಯುವವರ ಮನೆಗಳು, ಅಲ್ಲಿ ಮನೆಮಾತು ತೆಲುಗು. ಅಷ್ಟು ವರ್ಷ ಅವರ ನಡುವೆ ಇದ್ದು ಅಕ್ಕನಿಗೆ ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಅವಳ ಪ್ರೀತಿಯೂ ಸ್ವಲ್ಪ ಪೊಲೀಸರ ಪ್ರೀತಿಯ ಥರ. ಅವ್ವನ ಕಾಯಿಲೆಯ ಸುದ್ದಿ ತಿಳಿದಾಗಿನಿಂದ ದಿನಾ ಫೋನು ಮಾಡಿ ಏನು ತಿಂದೆ, ಎಷ್ಟು ತಿಂದೆ ಎಂದು ವಿಚಾರಿಸುತ್ತಿದ್ದಳು. ಅಂದು ಖುದ್ದಾಗಿ ಬಂದವಳು, ಊಟದ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಅವ್ವನ ಮುಂದೆ ಹೋಗಿ ನಿಂತು ತಟ್ಟೆಯನ್ನು ನೋಡಿದಳು. ನಮ್ಮ ಮನೆಯಲ್ಲಿ ಯಾರೂ ಮಾಡದ ಕೆಲಸ ಅದು.

"ಇದೇಮಮ್ಮಾ ಇದಿ?" ಎಂದಳು. ತೆಲುಗು ಬಂತೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. "ಇದು ಅರ್ಧನಾ? ಮುಕ್ಕಾಲಿಗಿಂತ ಜಾಸ್ತಿನೇ ಐತೆ."

"ಅರ್ಧನೇ ಕಣೆ," ಎಂದಳು ಅವ್ವ, ತಲೆ ಎತ್ತದೆ. "ಒಂದು ಮುದ್ದೆ ಎರಡು ಮಾಡೀನಿ. ಅದ್ರಾಗೆ ಇದೊಂದು."

ಅಕ್ಕ ನಮ್ಮ ಯಜಮಾನರ ತಟ್ಟೆಗೆ ಬಡಿಸಿದ್ದ ಪೂರ್ತಿ ಮುದ್ದೆಯನ್ನು ತಟ್ಟೆ ಸಮೇತ ಎತ್ತಿಕೊಂಡು ಬಂದು ಅವ್ವನ ಪಕ್ಕ ಇಟ್ಟಳು. ಅವರು ಸಾರಿಗೆ ಅದ್ದಲು ಚಾಚಿದ್ದ ಕೈ ಹಾಗೇ ನಿಂತಿತು. "ನೋಡೇ, ನೀನೂ ನೋಡು," ಎಂದು ನನ್ನನ್ನು ಕರೆದಳು. "ನೀನು ಸೈನ್ಸ್ ಟೀಚರ್ ಅಲ್ಲೇನೆ? ಇದು ಅದರ ಅರ್ಧ ಐತಾ?"

ನೋಡಿದೆ. ಪೂರ್ತಿ ಮುದ್ದೆ ದೊಡ್ಡ ಬೇಲದ ಹಣ್ಣಿನಷ್ಟಿತ್ತು. ಅವ್ವನದು ಸಣ್ಣ ಬೇಲದ ಹಣ್ಣಿನಷ್ಟಿತ್ತು. ಪಕ್ಕಪಕ್ಕ ಇಟ್ಟರೆ ಅರ್ಧ ಎಂದು ಯಾರ ಕಣ್ಣೂ ಒಪ್ಪುವಂತಿರಲಿಲ್ಲ. "ಅರ್ಧದ ಥರ ಕಾಣ್ತಿಲ್ಲ ಅವ್ವ," ಎಂದೆ.

ಅವ್ವ ನನ್ನ ಮುಖ ನೋಡಿದಳು. ಅಕ್ಕ ಅಂದದ್ದಕ್ಕಿಂತ ನಾನು ಅಂದದ್ದು ಅವಳಿಗೆ ತಟ್ಟಿತೆಂದು ಅಲ್ಲೇ ಗೊತ್ತಾಯಿತು, ಏಕೆಂದರೆ ಅವಳು ಇದ್ದದ್ದು ನನ್ನ ಮನೆಯಲ್ಲಿ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಿದ್ರು. ಈಗ ಊಟನೂ ಪರರಿಚ್ಛೆ ಆತು," ಎಂದಳು. ಮುದ್ದೆಯ ಮೇಲಿಂದ ಒಂದಿಷ್ಟು ಹಿಟ್ಟು ಕಿತ್ತು ಪಾತ್ರೆಗೆ ಹಾಕಿದಳು. ಅಕ್ಕನನ್ನು ನೋಡಿ ಇನ್ನೊಂದಿಷ್ಟು ಕಿತ್ತಳು. ಅಕ್ಕ "ಹೂಂ, ಈಗ ಸರಿ" ಅನ್ನುವವರೆಗೂ ಕೀಳುತ್ತಲೇ ಹೋದಳು. ಉಳಿದದ್ದು ದೊಡ್ಡ ನಿಂಬೆಹಣ್ಣಿನಷ್ಟು. ಪೂರ್ತಿ ಮುದ್ದೆಯ ಪಕ್ಕ ಇಟ್ಟರೆ ಅಗಲದಲ್ಲಿ ಸರಿಯಾಗಿ ಅರ್ಧ. ಅಕ್ಕ ಸಮಾಧಾನದಿಂದ ಸಂಜೆ ಬಸ್ಸಿಗೆ ಮೊಳಕಾಲ್ಮೂರಿಗೆ ಹೊರಟಳು.

ಅಂದಿನಿಂದ ಅವ್ವನದು ಅದೇ ಅಳತೆ. ನಾವು ಬೇಡವೆಂದರೂ ಉಂಡು ತೋರಿಸುತ್ತಿದ್ದಳು. ಇನ್ನೊಂಚೂರು ತಗೊಳ್ಳವ್ವ ಎಂದರೆ, "ಬ್ಯಾಡವ್ವ, ಮಕ್ಳ ಮನ್ಯಾಗೆ ಕದ್ದು ಉಂಡ್ಲು ಅನ್ನಿಸ್ಕಳ್ಳಾದು ಬ್ಯಾಡ" ಅನ್ನುತ್ತಿದ್ದಳು. ಸಿಟ್ಟಿಳಿದರೆ ತಾನೇ ಸರಿಯಾಗುತ್ತಾಳೆ ಎಂದುಕೊಂಡೆವು. ಅದರ ಬದಲು ಅವ್ವನ ಕುಪ್ಪಸ ಸಡಿಲವಾಯಿತು. ನನ್ನಿವಾಳದಲ್ಲಿ ಅವಳ ತಮ್ಮ, ನಮ್ಮ ಸೋದರಮಾವ ಇದ್ದಾನೆ. ಅವನ ಮನೆಗೆ ಹೋಗಿಬಿಡುತ್ತೇನೆ ಎಂಬ ಮಾತು ಶುರುವಾಯಿತು. "ಅಲ್ಲಿ ಯಾರೂ ನನ್ನ ತಟ್ಟೆ ನೋಡಲ್ಲ" ಎಂದು ಒಂದೆರಡು ಸಲ ಅಂದಳು. ಸೀರೆಗಳನ್ನು ಮಡಚಿ ಚೀಲದಲ್ಲಿಟ್ಟದ್ದನ್ನೂ ನೋಡಿದೆ. ನನಗೆ ಹೆದರಿಕೆಯಾಯಿತು. ಅವ್ವ ಹೋದರೆ ಮುದ್ದೆಗೆ ಗಂಟು ಬೀಳುತ್ತದೆ ಎಂದು ಯಜಮಾನರೂ ಹೆದರಿದರು. ನನ್ನ ಹೆದರಿಕೆ ಬೇರೆ ಥರದ್ದು. ಹೀಗೆ ಹೋದವಳು ಮತ್ತೆ ನನ್ನ ಮನೆಯಲ್ಲಿ ಉಣ್ಣುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಡುತ್ತಿದ್ದೆ. ಅವ್ವ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಸುಮ್ಮನೆ ಕೂತಿದ್ದಳು. ಮುಟ್ಟಿದರೆ ಮೈಯೆಲ್ಲ ತಣ್ಣಗೆ ಬೆವೆತಿತ್ತು, ಕೈ ನಡುಗುತ್ತಿತ್ತು. ಸಕ್ಕರೆ ಕದಡಿದ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು, "ನಿನ್ನ ಬಸ್ಸು ಹೋಗ್ತೈತೆ ನಡಿಯವ್ವ" ಎಂದಳು. ಬಸ್ಸು ಹೋಗಲಿ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಸಕ್ಕರೆ ತೀರಾ ಇಳಿದುಹೋಗಿದೆ ಎಂದರು. "ಸರಿಯಾಗಿ ಉಣ್ತಾರಾ?" ಎಂದು ಕೇಳಿದರು.

"ನೀವು ಹೇಳಿದಂಗೆ ಅರ್ಧ ಮುದ್ದೆ," ಎಂದೆ ನಾನು.

"ಅರ್ಧ ಉಂಡ್ರೆ ಹಿಂಗಾಗಬಾರ್ದಲ್ಲ," ಎಂದು ಮಾತ್ರೆ ಕಡಿಮೆ ಮಾಡಿದರು. ಎರಡು ದಿನ ಹೊಟ್ಟೆ ತುಂಬ ಉಣ್ಣಲು ಹೇಳಿದರು. ಅವ್ವ ಮನೆಗೆ ಬಂದು ನಿಂಬೆಹಣ್ಣಿನಷ್ಟು ಮುದ್ದೆಯ ಜೊತೆ ಎರಡು ಸೌಟು ಸಾರು ಹೆಚ್ಚಾಗಿ ಹಾಕಿಕೊಂಡಳು, ಅಷ್ಟೇ.

ಅದೇ ವಾರ ಶಾಲೆಯಲ್ಲಿ ಗ್ರಹಗಳ ಪಾಠ ಬಂತು. ಈ ಸಲ ಗೋಡೆಯ ಚಿತ್ರ ಬೇಡ, ಕೈಯಿಂದಲೇ ಮಾಡಿಸೋಣ ಎಂದು ಮಕ್ಕಳಿಂದ ಕೆರೆಯ ಜೇಡಿಮಣ್ಣು ತರಿಸಿದ್ದೆ. ಮೇಜಿನ ಮೇಲೆ ದೊಡ್ಡ ಉಂಡೆ ಮಾಡಿಟ್ಟು ಇದು ಭೂಮಿ ಎಂದೆ. ಮಂಗಳ ಇದರ ಅರ್ಧ ಎಂದು ಹೇಳಿ, ಇನ್ನೊಂದು ಅಷ್ಟೇ ಉಂಡೆ ಮಾಡಿ, ಎರಡಾಗಿ ಕತ್ತರಿಸಿ, ಒಂದು ಪಾಲನ್ನು ಉರುಟು ಮಾಡಿ ಭೂಮಿಯ ಪಕ್ಕ ಇಟ್ಟೆ. ಪುಸ್ತಕದಲ್ಲಿದ್ದ ಚಿತ್ರಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಮಿಸ್, ಇದು ಮಂಗಳ ಅಲ್ಲ, ಶುಕ್ರನ ತಂಗಿ ಇದ್ದಂಗೈತೆ" ಎಂದಳು. ಸ್ಕೇಲು ಇಟ್ಟು ನೋಡಿದರೆ ಭೂಮಿಯ ಅಗಲದ ಐದರಲ್ಲಿ ನಾಲ್ಕು ಪಾಲು.

ತಪ್ಪು ಎಲ್ಲಾಯಿತೆಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಂಗಳ ಭೂಮಿಯ ಅರ್ಧದಷ್ಟು ಅನ್ನುವುದು ಅಗಲದ ಮಾತು, ಅದೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಣ್ಣಿನ ಲೆಕ್ಕ ಬೇರೆ. ಉಂಡೆ ಅಗಲದಲ್ಲಿ ಅರ್ಧವಾದರೆ ಎತ್ತರದಲ್ಲೂ ಅರ್ಧ, ಆಳದಲ್ಲೂ ಅರ್ಧ ಆಗುತ್ತದೆ. ಅಂದರೆ ಮಣ್ಣು ಎಂಟರಲ್ಲೊಂದು ಪಾಲು ಮಾತ್ರ. ನಿಜವಾದ ಮಂಗಳನಂಥವು ಆರು ಸೇರಿದರೂ ಒಂದು ಭೂಮಿಯಾಗುವುದಿಲ್ಲ. ಬುಧನಂಥವಾದರೆ ಹದಿನೆಂಟರ ಹತ್ತಿರ ಬೇಕು. ಈ ಸೂತ್ರವನ್ನು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳೇ. ಬಾಯಲ್ಲಿತ್ತು, ಕೈಗೆ ಬಂದಿರಲಿಲ್ಲ. ಅರ್ಧ ಅಗಲದ ಎಂಟು ಸಣ್ಣ ಉಂಡೆ ಮಾಡಿಸಿ, ಎಂಟನ್ನೂ ಕಲಸಿ ಒಂದೇ ಮಾಡಿಸಿದೆ. ಭೂಮಿಯಷ್ಟೇ ಆಯಿತು. ಮಕ್ಕಳು ಖುಷಿಯಿಂದ ಗಲಾಟೆ ಮಾಡುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತೆ.

ನನಗೆ ಕಾಣುತ್ತಿದ್ದುದು ಅವ್ವನ ತಟ್ಟೆ. ಅಕ್ಕ "ಈಗ ಸರಿ" ಅಂದ ಮುದ್ದೆ ಅಗಲದಲ್ಲಿ ಅರ್ಧ. ಅಂದರೆ ಅವ್ವ ಇಷ್ಟು ದಿನ ಉಂಡದ್ದು ಎಂಟರಲ್ಲೊಂದು ಪಾಲು, ಅದೂ ಪೂರ್ತಿ ಮಾತ್ರೆಯ ಜೊತೆ. ಅದಕ್ಕೂ ಮೊದಲು ಅವಳು ದಾರದಲ್ಲಿ ಕತ್ತರಿಸಿ ಕಟ್ಟಿಕೊಂಡಿದ್ದ ಮುದ್ದೆ ಇತ್ತಲ್ಲ, ಕಣ್ಣಿಗೆ ಮುಕ್ಕಾಲಿನ ಮೇಲೆ ಕಂಡದ್ದು, ಅದೇ ಅರ್ಧ. ಚೂರೂ ಹೆಚ್ಚಿಲ್ಲ, ಚೂರೂ ಕಡಿಮೆಯಿಲ್ಲ. ಅವ್ವ ನಿಜ ಹೇಳಿದ್ದಳು. ಸಂಜೆ ಬಸ್ಸಿನಿಂದಲೇ ಅಕ್ಕನಿಗೆ ಫೋನು ಮಾಡಿ ಭಾನುವಾರ ಬಾ ಎಂದೆ. ಏನು ಎತ್ತ ಎಂದು ಕೇಳಿದಳು. ಅವ್ವನ ಮುದ್ದೆ ವಿಷಯ ಎಂದಷ್ಟೇ ಹೇಳಿದೆ. "ಮತ್ತೆ ಜಾಸ್ತಿ ಮಾಡ್ಕಂಡ್ಲಾ?" ಎಂದಳು. ಫೋನು ಇಟ್ಟುಬಿಟ್ಟೆ.

ಅವ್ವನಿಗೆ ಮಾತ್ರ ಅಂದೇ ಹೇಳಿದೆ, ತಪ್ಪು ನಮ್ಮದು, ಮೊದಲಿನ ಹಾಗೇ ಉಣ್ಣು ಎಂದು. "ಅವ್ಳು ಬಂದು ನೋಡ್ಲಿ, ಆಮೇಲೆ ಉಣ್ತೀನಿ," ಎಂದಳು. ಭಾನುವಾರದವರೆಗೂ ನಿಂಬೆಹಣ್ಣೇ. ಹಟ ಮಾಡುವುದರಲ್ಲಿ ನಾನೂ ಅಕ್ಕನೂ ಯಾರನ್ನು ಹೋತಿದ್ದೇವೆ ಎಂಬ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಅವಳ ಸೆರಗಿನ ತುದಿಗೆ ಒಂದು ಬೆಲ್ಲದ ಚೂರು ಕಟ್ಟಿಕೊಟ್ಟು ಶಾಲೆಗೆ ಹೋಗುತ್ತಿದ್ದೆ. ಶಾಲೆಯಿಂದ ಮಧ್ಯಾಹ್ನ ಫೋನು ಮಾಡುತ್ತಿದ್ದೆ.

ಭಾನುವಾರ ಅಕ್ಕ ಬಂದಳು. ಅವ್ವ ಎಂದಿನಂತೆ ಎಸರಿಟ್ಟು, ಹಿಟ್ಟು ಹಾಕಿ, ಕೋಲು ಹಿಡಿದು ತಿರುವಿದಳು. ಹುರುಳಿಕಾಳಿನ ಸಾರು ಆಗಲೇ ಆಗಿತ್ತು. ಒಂದೇ ಅಳತೆಯ ಎರಡು ಪೂರ್ತಿ ಮುದ್ದೆ ಕಟ್ಟಿಕೊಡು ಎಂದೆ. ಕಟ್ಟಿಕೊಟ್ಟಳು. ಅಕ್ಕನನ್ನು ಅಡುಗೆಮನೆಗೆ ಕರೆದು ಒಂದನ್ನು ಅವಳ ಕೈಗೇ ಕೊಟ್ಟು, "ನೀನೇ ಎರಡು ಮಾಡು, ಸರಿಯಾಗಿ ನಡುಮಧ್ಯಕ್ಕೆ" ಎಂದೆ. ಅಕ್ಕ ದಾರ ಹಿಡಿದು ಕತ್ತರಿಸಿದಳು. ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೈ, ವಂಚನೆ ಇಲ್ಲ. "ಈಗ ಒಂದು ಪಾಲು ಉರುಟಾಗಿ ಕಟ್ಟು."

ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಿದಳು. ಕಟ್ಟುತ್ತಾ ಕಟ್ಟುತ್ತಾ ಅವಳ ಕೈ ನಿಧಾನವಾಯಿತು. ಪೂರ್ತಿ ಮುದ್ದೆಯ ಪಕ್ಕ ಇಟ್ಟಳು. ಸಣ್ಣ ಬೇಲದ ಹಣ್ಣು. ಅಂದು ಅವ್ವನ ತಟ್ಟೆಯಲ್ಲಿದ್ದ ಅದೇ ಮುದ್ದೆ. ಉಳಿದರ್ಧವನ್ನೂ ಕಟ್ಟಿ ನೋಡಿದಳು. ಅದೂ ಅಷ್ಟೇ ಬಂತು.

ನಾನು ಭೂಮಿ, ಮಂಗಳ, ಅಗಲ, ಗಾತ್ರ ಎಂದು ವಿವರಿಸಿದೆ. ನಿಂಬೆಹಣ್ಣಿನ ಗಾತ್ರದ್ದು ಎಂಟು ಸೇರಿದರೆ ಒಂದು ಮುದ್ದೆ ಎಂದೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಯಜಮಾನರು, "ಅಂದ್ರೆ ನಂಗೆ ಬರ್ತಿದ್ದ ಉಳಿದರ್ಧನೂ ಪೂರ್ತಿ ಅರ್ಧಾನೇ" ಎಂದು ತಮ್ಮ ಹೊಟ್ಟೆ ನೋಡಿಕೊಂಡರು. ಯಾರೂ ನಗಲಿಲ್ಲ. ಅಕ್ಕನ ಕಣ್ಣು ತುಂಬಿತ್ತು. ಅವಳ ಬಾಯಿಂದ ತೆಲುಗೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕೊನೆಗೆ ಒಲೆಯ ಕಟ್ಟೆ ಹಿಡಿದುಕೊಂಡು, "ತಪ್ಪಾತವ್ವ" ಎಂದಳು.

ಅವ್ವ ಮುದ್ದೆಕೋಲು ತೊಳೆಯುತ್ತಿದ್ದಳು. ತೊಳೆದು, ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ನಾನು ಹೇಳ್ದೆ, ನಂಬ್ಲಿಲ್ಲ. ಮಂಗಳ ಬಂದು ಹೇಳಿದ್ದಕ್ಕೆ ನಂಬಿದ್ರಿ," ಎಂದಳು. ದನಿ ಎತ್ತರಿಸಲಿಲ್ಲ. "ಇರ್ಲಿ ಬಿಡು. ಅದಾದ್ರೂ ಬಂತಲ್ಲ. ಉಣ್ಣಾಕೆ ಕೂತ್ಕಳ್ರಿ, ಆರೋಗ್ತೈತೆ."

ಅಂದು ನಾಲ್ವರೂ ಒಟ್ಟಿಗೆ ಉಂಡೆವು. ಅಕ್ಕ ಕತ್ತರಿಸಿ ಕಟ್ಟಿದ ಅರ್ಧವನ್ನೇ ಅವ್ವ ಉಂಡಳು. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಎರಡು ವಾರದಲ್ಲಿ ಅವ್ವ ಬೆಟ್ಟ ಕೀಳದಿದ್ದರೂ ನೀರಿನ ಕೊಡ ಎತ್ತುವಷ್ಟಾದಳು. ಡಾಕ್ಟರೂ ಎಲ್ಲ ಸರಿಯಿದೆ ಎಂದರು. ಚೀಲದಲ್ಲಿ ಮಡಚಿಟ್ಟಿದ್ದ ಸೀರೆಗಳು ಒಂದೊಂದಾಗಿ ಬೀರುವಿಗೆ ಬಂದವು. ನನ್ನಿವಾಳದ ಮಾತು ನಿಂತಿತು. ಅಕ್ಕ ಈಗ ಫೋನು ಮಾಡಿದರೆ ಎಷ್ಟು ತಿಂದೆ ಎಂದು ಕೇಳುವುದಿಲ್ಲ, ಏನು ಸಾರು ಎಂದಷ್ಟೇ ಕೇಳುತ್ತಾಳೆ. ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ನಾನು ಶಾಲೆಯ ಮಕ್ಕಳಿಗೆ ಹೇಳಲು ಚೆನ್ನಾಗಿತ್ತು. ಅಳತೆ ತಿಳಿದರೆ ಎಲ್ಲ ತಿಳಿದಂತೆ ಎಂದು ನೀತಿಯನ್ನೂ ಸೇರಿಸಬಹುದಿತ್ತು.

ಆದರೆ ಅವ್ವ ಗೋಡೆಯ ಕಡೆ ಮುಖ ಮಾಡಿ ಕೂರುವುದನ್ನು ಬಿಟ್ಟಿದ್ದಾಳೆ. ಎಲ್ಲರದೂ ಮುಗಿದ ಮೇಲೆ ತನ್ನ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು ನಾನಿರುವಲ್ಲಿಗೆ ಬರುತ್ತಾಳೆ. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದರೂ ಸರಿ, ಫೋನಿನಲ್ಲಿದ್ದರೂ ಸರಿ, ತಟ್ಟೆಯನ್ನು ಮುಂದೆ ಹಿಡಿದು, "ನೋಡ್ಕಳವ್ವ" ಅನ್ನುತ್ತಾಳೆ. ಬೇಡವ್ವ ಎಂದು ಕೇಳಿಕೊಂಡಿದ್ದೇನೆ. ಒಂದು ಸಲ ಅತ್ತೂ ಇದ್ದೇನೆ. "ಅದ್ರಾಗೇನೈತೆ, ನೋಡಿದ್ರೆ ಇಬ್ಬರಿಗೂ ನೆಮ್ಮದಿ," ಅನ್ನುತ್ತಾಳೆ. ಸಿಟ್ಟಿನಿಂದ ಹೇಳುವುದಿಲ್ಲ, ನಿಜವಾಗಿಯೂ ಹಾಗೆಂದುಕೊಂಡೇ ಹೇಳುತ್ತಾಳೆ. ನಾನು ಹೂಂ ಅನ್ನುವವರೆಗೂ ಹಾಗೇ ನಿಂತಿರುತ್ತಾಳೆ. ಹೂಂ ಅಂದಮೇಲೆ ಹೋಗಿ ಉಣ್ಣುತ್ತಾಳೆ.